ಸ್ಕೂಲ್ ಬಸ್ಸಿಗೆ ಡ್ರೈವರ್ ಸಿಗ್ತಿಲ್ಲ ಅಂತಾರೆ, ಆದ್ರೆ ಆ ಕೆಲಸ ಹೇಗಿದೆ ಅಂತ ಯಾರೂ ಕೇಳಲ್ಲ

ನಮಸ್ಕಾರ ಎಲ್ರಿಗೂ. ಇವತ್ತು ಸ್ಕೂಲ್ ಬಸ್ ಡ್ರೈವರ್‌ಗಳ ಬಗ್ಗೆ ಮಾತಾಡೋಣ, ಅದೂ ಅಮೆರಿಕದ ಹಳದಿ ಬಸ್ಸುಗಳ ಡ್ರೈವರ್‌ಗಳ ಬಗ್ಗೆ. ಅಲ್ಲಿ ಡ್ರೈವರ್ ಸಿಗದ ಸಮಸ್ಯೆ ಎಷ್ಟು ಬಿಗಡಾಯಿಸಿತ್ತು ಅಂದ್ರೆ, 2021ರ ಸೆಪ್ಟೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಚಾರ್ಲಿ ಬೇಕರ್ ಅವರು ಮಕ್ಕಳನ್ನ ಸ್ಕೂಲಿಗೆ ಬಿಡೋಕೆ ನ್ಯಾಷನಲ್ ಗಾರ್ಡ್‌ನವರನ್ನ ಕರೆಸಬೇಕಾಯ್ತು. ಬೇಕಾದ್ರೆ 250 ಜನರ ತನಕ ಕೊಡ್ತೀವಿ ಅಂದ್ರು. ಚೆಲ್ಸಿ, ಲಾರೆನ್ಸ್, ಲೋವೆಲ್, ಲಿನ್ ಈ ನಾಲ್ಕು ಊರುಗಳಿಗೆ ಅಂತ ಮೊದಲ ಬ್ಯಾಚಿಗೆ ಟ್ರೈನಿಂಗ್ ಶುರು ಮಾಡಿದ್ರು. ಪ್ರವಾಹ ಬಂದಾಗ, ಬಿರುಗಾಳಿ ಬಂದಾಗ ಕರೆಯೋ ಪಡೆ ಅದು, ಅವರು ಬಂದು ಸ್ಕೂಲ್ ವ್ಯಾನ್ ಓಡಿಸಿದ್ರು.

ಅದು ಕೋವಿಡ್ ಟೈಮು, ಆಮೇಲೆ ಸರಿಹೋಗಿರುತ್ತೆ ಬಿಡಿ ಅನ್ಸಬಹುದು. ಇಲ್ಲ. 2023ರ ಆಗಸ್ಟ್ 9, ಕೆಂಟಕಿ ರಾಜ್ಯದ ಲೂಯಿವಿಲ್. ಸ್ಕೂಲ್ ಶುರುವಾದ ಮೊದಲನೇ ದಿನ. ಅಲ್ಲಿನ ಜೆಫರ್ಸನ್ ಕೌಂಟಿ ಸ್ಕೂಲ್‌ಗಳಲ್ಲಿ ಡ್ರೈವರ್‌ಗಳು ಕಮ್ಮಿ ಇದಾರೆ ಅಂತ ಒಂದು ಕಂಪನಿಯ ಸಾಫ್ಟ್‌ವೇರ್ ತಂದು ರೂಟುಗಳನ್ನೆಲ್ಲ ಹೊಸದಾಗಿ ಹಾಕ್ಸಿದ್ರು, ರೂಟುಗಳ ಸಂಖ್ಯೆ ಇಳಿಸಿದ್ರು, ಒಬ್ಬೊಬ್ಬ ಡ್ರೈವರ್ ಒಂದರ ಹಿಂದೆ ಒಂದು ಸ್ಕೂಲ್ ಕವರ್ ಮಾಡ್ಲಿ ಅಂತ ಸ್ಕೂಲ್ ಶುರುವಾಗೋ ಟೈಮ್‌ಗಳನ್ನೂ ಬದಲಾಯಿಸಿದ್ರು. ಪೇಪರ್ ಮೇಲೆ ಎಲ್ಲ ಚೆನ್ನಾಗಿ ಕೂತಿತ್ತು. ಅವತ್ತು ಕೊನೇ ಮಗು ಮನೆ ಸೇರಿದಾಗ ರಾತ್ರಿ ಹತ್ತಾಗ್ತಾ ಬಂದಿತ್ತು. ಪುಟ್ಟ ಮಕ್ಕಳು, ಮೊದಲ ದಿನ, ಎಲ್ಲಿದೀವಿ ಅಂತ ಗೊತ್ತಿಲ್ಲ, ಅಪ್ಪ ಅಮ್ಮ ಬಸ್ ಸ್ಟಾಪಲ್ಲಿ ಗಂಟೆಗಟ್ಟಲೆ ಕಾಯ್ತಿದಾರೆ. ಮಾರನೇ ದಿನದಿಂದ ಸ್ಕೂಲುಗಳನ್ನೇ ಮುಚ್ಚಿ, ಒಂದು ವಾರದ ಮೇಲೆ ಸ್ವಲ್ಪ ಸ್ವಲ್ಪವಾಗಿ ತೆರೆದ್ರು.

ಇಂಥದ್ದು ಆದಾಗೆಲ್ಲ ಒಂದೇ ಮಾತು ಕೇಳಿಸುತ್ತೆ, ಈಗಿನ ಜನಕ್ಕೆ ಕೆಲಸ ಮಾಡೋಕೆ ಮನಸಿಲ್ಲ ಅಂತ. ನಾನು ಇದನ್ನ ಒಪ್ಪಲ್ಲ, ಖಂಡಿತ ಒಪ್ಪಲ್ಲ. ಡ್ರೈವಿಂಗ್ ಗೊತ್ತಿರೋರಿಗೆ ಬರ ಇಲ್ಲ. ಅವರು ಸ್ಕೂಲ್ ಬಸ್ಸಿನ ಹತ್ರ ಬರ್ತಿಲ್ಲ, ಬಂದವರು ನಿಲ್ತಿಲ್ಲ, ಮತ್ತೆ ಅದಕ್ಕೆ ಕಾರಣ ಆ ಕೆಲಸವನ್ನ ಕೂರಿಸಿರೋ ರೀತಿಯಲ್ಲೇ ಇದೆ.

ಒಬ್ಬ ಡ್ರೈವರ್‌ನ ಒಂದು ದಿನ ನೋಡಿ. ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ಡಿಪೋಗೆ ಬರಬೇಕು, ಚಳಿಗಾಲದಲ್ಲಿ ಗಾಜಿನ ಮೇಲೆ ಐಸ್ ಕಟ್ಟಿರುತ್ತೆ. ಟಾರ್ಚ್ ಹಿಡ್ಕೊಂಡು ಬಸ್ಸಿನ ಸುತ್ತ ಒಂದು ಸುತ್ತು, ಟೈರು, ಲೈಟು, ಬ್ರೇಕು, ಪಕ್ಕದಲ್ಲಿ ಹೊರಗೆ ಚಾಚೋ ಸ್ಟಾಪ್ ಬೋರ್ಡು, ಎಮರ್ಜೆನ್ಸಿ ಬಾಗಿಲು ತೆಗೆದ್ರೆ ಬಝರ್ ಹೊಡೀತಾ ಇಲ್ವಾ, ಎಲ್ಲ ನೋಡಬೇಕು. ಆಮೇಲೆ ಮಕ್ಕಳು ಹತ್ತುತ್ತಾರೆ. ದೊಡ್ಡ ಬಸ್ಸಲ್ಲಿ ಎಪ್ಪತ್ತರ ಹತ್ರ ಸೀಟು, ಮಾಮೂಲಿ ರೂಟಲ್ಲಿ ದೊಡ್ಡವರು ಅಂತ ಇರೋದು ಡ್ರೈವರ್ ಒಬ್ಬರೇ, ಬೆನ್ನು ಮಕ್ಕಳ ಕಡೆಗೆ, ಕಣ್ಣು ರಸ್ತೆ ಕಡೆಗೆ, ನಡುನಡುವೆ ತಲೆ ಮೇಲಿನ ಕನ್ನಡಿಯಲ್ಲಿ ಹಿಂದಿನ ಸೀಟಲ್ಲಿ ಯಾರು ಯಾರಿಗೆ ಹೊಡೀತಿದಾರೆ ಅಂತ ನೋಡ್ಕೋಬೇಕು. ರೈಲ್ವೆ ಗೇಟ್ ಬಂದ್ರೆ, ರೈಲು ಬರ್ಲಿ ಬಿಡ್ಲಿ, ಬಸ್ ನಿಲ್ಲಿಸಿ ಬಾಗಿಲು ತೆಗೆದು ಕಿವಿಗೊಟ್ಟು ಕೇಳಿಯೇ ಮುಂದೆ ಹೋಗಬೇಕು. ಟ್ರಿಪ್ ಮುಗಿದ ಮೇಲೆ ಕೊನೇ ಸೀಟಿನ ತನಕ ನಡ್ಕೊಂಡು ಹೋಗಿ, ಯಾವ ಮಗುವಾದ್ರೂ ನಿದ್ದೆ ಹೋಗಿದ್ಯಾ ಅಂತ ಸೀಟಿನ ಕೆಳಗೂ ಬಗ್ಗಿ ನೋಡಬೇಕು. ಎಷ್ಟೋ ಬಸ್ಸುಗಳಲ್ಲಿ ಹಿಂದುಗಡೆ ಒಂದು ಬಟನ್ ಇಟ್ಟಿರ್ತಾರೆ, ಹೋಗಿ ಅದನ್ನ ಒತ್ತದಿದ್ರೆ ಅಲಾರಂ ಹೊಡ್ಕೊಳ್ಳುತ್ತೆ. ಯಾಕಂದ್ರೆ ಒಂದು ದಿನ ಮರೆತ್ರೆ ಸಾಕು, ಒಂದು ಜೀವದ ಪ್ರಶ್ನೆ.

ಇಷ್ಟಾದಾಗ ಬೆಳಗ್ಗೆ ಒಂಬತ್ತು, ಒಂಬತ್ತೂವರೆ. ಅಲ್ಲಿಗೆ ಸಂಬಳ ನಿಂತೋಯ್ತು. ಮತ್ತೆ ಗಡಿಯಾರ ಶುರುವಾಗೋದು ಮಧ್ಯಾಹ್ನ ಎರಡರ ಆಸುಪಾಸು, ಮಕ್ಕಳನ್ನ ವಾಪಸ್ ಬಿಡೋಕೆ. ಈ ನಡುವಿನ ನಾಲ್ಕೈದು ಗಂಟೆ ಇದ್ಯಲ್ಲ, ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು ಅಲ್ಲೇ ಇರೋದು. ಇನ್ನೊಂದು ಕೆಲಸ ಹಿಡಿಯೋಣ ಅಂದ್ರೆ ಬೆಳಗ್ಗೆ ಹತ್ತಕ್ಕೆ ಬಂದು ಒಂದೂವರೆಗೆ ಎದ್ದು ಹೋಗ್ತೀನಿ ಅನ್ನೋನಿಗೆ ಯಾರು ಕೆಲಸ ಕೊಡ್ತಾರೆ? ಮನೆಗೆ ಹೋಗಿ ಬರೋಣ ಅಂದ್ರೆ ಪೆಟ್ರೋಲ್ ಖರ್ಚು. ಹಾಗಾಗಿ ಬೆಳಗಿನ ಜಾವದಿಂದ ಸಂಜೆ ತನಕ ಮನುಷ್ಯ ಸಿಕ್ಕಾಕೊಂಡಿರ್ತಾನೆ, ದುಡ್ಡು ಬರೋದು ಮಾತ್ರ ಐದಾರು ಗಂಟೆಗೆ. ಗಂಟೆಗೆ ಇಷ್ಟು ಡಾಲರ್ ಅಂತ ಜಾಹೀರಾತಲ್ಲಿ ದೊಡ್ಡದಾಗಿ ಹಾಕ್ತಾರೆ, ಕೇಳೋಕೆ ಪರವಾಗಿಲ್ಲ ಅನ್ಸುತ್ತೆ, ಆದ್ರೆ ಮನೆ ಬಾಡಿಗೆ ಕಟ್ಟೋದು ಗಂಟೆ ರೇಟಿಂದ ಅಲ್ಲ, ತಿಂಗಳ ಕೊನೆಗೆ ಕೈಗೆ ಬಂದ ದುಡ್ಡಿಂದ. ಗಂಟೆ ಕಮ್ಮಿ ಅಂತ ಹೇಳಿ ಎಷ್ಟೋ ಕಡೆ ಹೆಲ್ತ್ ಇನ್ಶೂರೆನ್ಸೂ ಸಿಗಲ್ಲ. ಇನ್ನು ಬೇಸಿಗೆ ರಜೆ ಬಂತು ಅಂದ್ರೆ ಎರಡು ಎರಡೂವರೆ ತಿಂಗಳು ರೂಟೇ ಇಲ್ಲ. ಆಗ ನಿರುದ್ಯೋಗ ಭತ್ಯೆ ಸಿಗುತ್ತಾ ಅಂದ್ರೆ ಹೆಚ್ಚಿನ ರಾಜ್ಯಗಳಲ್ಲಿ ಸಿಗಲ್ಲ, ಮುಂದಿನ ವರ್ಷ ವಾಪಸ್ ಕೆಲಸ ಇದೆ ಅಂತ ಸ್ಕೂಲು ಭರವಸೆ ಕೊಟ್ಟಿದ್ಯಲ್ಲ, ಹಾಗಾಗಿ ನೀವು ನಿರುದ್ಯೋಗಿ ಅಲ್ಲ ಅಂತ ನಿಯಮ. ಆದ್ರೆ ಮಿನ್ನೆಸೋಟ ರಾಜ್ಯ 2023ರಲ್ಲಿ ಕಾನೂನು ಬದಲಾಯಿಸಿ ಗಂಟೆ ಲೆಕ್ಕದಲ್ಲಿ ದುಡಿಯೋ ಸ್ಕೂಲ್ ಸಿಬ್ಬಂದಿಗೆ ಬೇಸಿಗೆಯಲ್ಲೂ ಆ ಭತ್ಯೆ ಸಿಗೋ ಹಾಗೆ ಮಾಡ್ತು, ಆ ಲಿಸ್ಟಲ್ಲಿ ಬಸ್ ಡ್ರೈವರ್‌ಗಳೂ ಬರ್ತಾರೆ. ಒಳ್ಳೇ ಕೆಲಸ ಅದು, ಬೇರೆಯವರೂ ನೋಡಿ ಕಲೀಬೇಕು.

ಹಾಗಾದ್ರೆ ಇಷ್ಟು ದಿನ ಈ ಕೆಲಸ ಯಾರು ಮಾಡ್ತಿದ್ರು? ಬಹಳಷ್ಟು ಜನ ರಿಟೈರ್ ಆದವರು, ಪೆನ್ಷನ್ ಜೊತೆಗೆ ಸ್ವಲ್ಪ ದುಡ್ಡು ಬರ್ಲಿ, ಮಕ್ಕಳ ಜೊತೆ ಇದ್ದಂಗಾಗುತ್ತೆ ಅಂತ ಬಂದವರು. ಆಮೇಲೆ ಚಿಕ್ಕ ಮಕ್ಕಳಿರೋ ತಾಯಂದಿರು, ಅವರಿಗೆ ಸ್ಕೂಲ್ ಟೈಮು ಹೊಂದುತ್ತೆ. ಅಂದ್ರೆ ಮನೆ ನಡೆಯೋಕೆ ಬೇರೆ ಆದಾಯ ಇದ್ದವರ ಮೇಲೆ ಇಡೀ ವ್ಯವಸ್ಥೆ ನಿಂತಿತ್ತು. ಕೋವಿಡ್ ಬಂತು, ವಯಸ್ಸಾದವರು ಮುಚ್ಚಿದ ಬಸ್ಸಲ್ಲಿ ಐವತ್ತು ಮಕ್ಕಳ ಜೊತೆ ಕೂರೋಕೆ ಹೆದರಿದ್ರು, ಹೆದರಿದ್ದು ನ್ಯಾಯವೇ, ಬಿಟ್ಟು ಹೋದ್ರು, ಹೋದವರಲ್ಲಿ ಎಷ್ಟೋ ಜನ ತಿರುಗಿ ಬರ್ಲಿಲ್ಲ.

ಅವರ ಜಾಗಕ್ಕೆ ಹೊಸಬರು ಬರಬೇಕಂದ್ರೆ ಅಷ್ಟು ಸುಲಭ ಇಲ್ಲ. ಸಾಮಾನ್ಯ ಕಾರ್ ಲೈಸೆನ್ಸ್ ಸಾಲಲ್ಲ, ಸಿಡಿಎಲ್ ಅನ್ನೋ ಕಮರ್ಷಿಯಲ್ ಲೈಸೆನ್ಸ್ ಬೇಕು, ಅದರ ಮೇಲೆ ಪ್ರಯಾಣಿಕರ ವಾಹನಕ್ಕೆ ಒಂದು, ಸ್ಕೂಲ್ ಬಸ್ಸಿಗೇ ಅಂತ ಇನ್ನೊಂದು ಪರ್ಮಿಷನ್. 2022ರ ಫೆಬ್ರವರಿಯಿಂದ ಇದಕ್ಕೆಲ್ಲ ಇಡೀ ದೇಶಕ್ಕೆ ಒಂದೇ ಥರದ ಕಡ್ಡಾಯ ಟ್ರೈನಿಂಗ್ ಬಂತು. ಜೊತೆಗೆ ಮೆಡಿಕಲ್ ಟೆಸ್ಟ್, ಪೊಲೀಸ್ ರೆಕಾರ್ಡ್ ಚೆಕ್, ಯಾವಾಗ ಬೇಕಾದ್ರೂ ಕರೆಯೋ ಡ್ರಗ್ ಟೆಸ್ಟ್. ಇದೆಲ್ಲ ಇರಬೇಕು, ಮಕ್ಕಳ ವಿಷಯ, ಇದರಲ್ಲಿ ಒಂದನ್ನೂ ಸಡಿಲ ಮಾಡಬಾರದು ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಇಷ್ಟೆಲ್ಲ ದಾಟಿ ಆ ಲೈಸೆನ್ಸ್ ಕೈಗೆ ಬಂದ ಮೇಲೆ ಲಾರಿ ಕಂಪನಿಯವರು, ಸಿಟಿ ಬಸ್‌ನವರು, ಕಸದ ಗಾಡಿಯವರು ಎಲ್ಲ ಬಾಗಿಲು ತೆಗೆದು ಕಾಯ್ತಿರ್ತಾರೆ, ಅಲ್ಲಿ ಪೂರ್ತಿ ದಿನದ ಕೆಲಸ, ವರ್ಷಪೂರ್ತಿ ಸಂಬಳ. ಆ ಕಮರ್ಷಿಯಲ್ ಲೈಸೆನ್ಸೇ ಬೇಡ ಅಂದ್ರೆ ಪಾರ್ಸೆಲ್ ವ್ಯಾನ್ ಓಡಿಸಬಹುದು, ಅದಕ್ಕೆ ಮಾಮೂಲಿ ಲೈಸೆನ್ಸ್ ಸಾಕು, ಪಾರ್ಸೆಲ್ಲುಗಳು ಹಿಂದಿನ ಸೀಟಲ್ಲಿ ಜಗಳ ಆಡಲ್ಲ. ಸ್ಕೂಲಿನವರು ದುಡ್ಡು ಖರ್ಚು ಮಾಡಿ ಟ್ರೈನಿಂಗ್ ಕೊಟ್ಟ ಮನುಷ್ಯನೇ ಆರು ತಿಂಗಳಲ್ಲಿ ಲಾರಿ ಹತ್ತಿದ್ರೆ ಅವನನ್ನ ಬೈಯೋಕಾಗುತ್ತಾ?

ಸರ್ಕಾರ ಏನು ಮಾಡ್ತು ಅಂದ್ರೆ, 2022ರ ಜನವರಿಯಲ್ಲಿ ಲೈಸೆನ್ಸ್ ಟೆಸ್ಟಲ್ಲಿ ಬಾನೆಟ್ ಎತ್ತಿ ಇಂಜಿನ್ ಭಾಗಗಳನ್ನ ಗುರುತಿಸೋ ಒಂದು ಭಾಗವನ್ನ ಬೇಕಾದ್ರೆ ಬಿಟ್ಟುಬಿಡಿ ಅಂತ ರಾಜ್ಯಗಳಿಗೆ ತಾತ್ಕಾಲಿಕವಾಗಿ ಅವಕಾಶ ಕೊಟ್ಟಿತು. ಅದರಿಂದ ಕೆಲವರಿಗೆ ಟೆಸ್ಟ್ ಪಾಸಾಗೋದು ಸ್ವಲ್ಪ ಹಗುರ ಆಗಿರಬಹುದು, ಆದ್ರೆ ಪಾಸಾದ ಮೇಲೆ ಸಿಗೋ ಕೆಲಸ ಅದೇ ಎರಡು ತುಂಡಿನ ಕೆಲಸ ತಾನೇ.

ಇನ್ನು ಡ್ರೈವರ್ ಸಿಗದಿದ್ದಾಗ ಏಟು ಯಾರಿಗೆ ಬೀಳುತ್ತೆ ಅಂತ ನೋಡಿದ್ರೆ ಹೊಟ್ಟೆ ಉರಿಯುತ್ತೆ. ಶಿಕಾಗೋದಲ್ಲಿ 2023ರಲ್ಲಿ ಅಂಗವಿಕಲ ಮಕ್ಕಳಿಗೆ ಮತ್ತೆ ಮನೆಯಿಲ್ಲದ ಮಕ್ಕಳಿಗೆ ಬಸ್ ಕೊಡಲೇಬೇಕು ಅಂತ ಕಾನೂನು ಇರೋದ್ರಿಂದ ಅವರನ್ನ ಉಳಿಸ್ಕೊಂಡು ಉಳಿದ ಮಕ್ಕಳ ಬಸ್ ನಿಲ್ಲಿಸಿದ್ರು, ಟ್ರೈನು ಸಿಟಿ ಬಸ್ಸಲ್ಲಿ ಓಡಾಡಿ ಅಂತ ಕಾರ್ಡ್ ಕೊಟ್ರು. ಫಿಲಡೆಲ್ಫಿಯಾದಲ್ಲಿ ನಿಮ್ಮ ಮಗುನ ನೀವೇ ಬಿಡಿ, ತಿಂಗಳಿಗೆ 300 ಡಾಲರ್ ಕೊಡ್ತೀವಿ ಅಂದ್ರು. ಲೂಯಿವಿಲ್‌ನಲ್ಲಿ 2024ರಲ್ಲಿ ಮನೆ ಹತ್ರದ ಸ್ಕೂಲ್ ಬಿಟ್ಟು ವಿಶೇಷ ಕೋರ್ಸ್ ಇರೋ ಮ್ಯಾಗ್ನೆಟ್ ಸ್ಕೂಲ್ ಆರಿಸ್ಕೊಂಡ ಹೆಚ್ಚಿನ ಮಕ್ಕಳಿಗೆ ಬಸ್ಸೇ ಇಲ್ಲ ಅಂದ್ರು. ಕಾರಿರೋ ಮನೆಯವರು, ಆಫೀಸಲ್ಲಿ ಲೇಟಾಗಿ ಬರ್ತೀನಿ ಅಂತ ಹೇಳೋಕೆ ಆಗೋರು, ಹೇಗೋ ಸಂಭಾಳಿಸ್ತಾರೆ. ಬೆಳಗ್ಗೆ ಆರಕ್ಕೆ ಶಿಫ್ಟ್ ಇರೋ ತಾಯಿ ಏನು ಮಾಡಬೇಕು? ಆ ಮಗು ಒಳ್ಳೇ ಸ್ಕೂಲಲ್ಲಿ ಸಿಕ್ಕಿದ್ದ ಸೀಟನ್ನೇ ಬಿಡಬೇಕಾಗುತ್ತೆ.

ನನಗನ್ಸೋದು, ದಾರಿ ಇದೆ. ಆ ನಡುವಿನ ಗಂಟೆಗಳಿಗೆ ಸ್ಕೂಲಲ್ಲೇ ಕೆಲಸ ಕೊಡಿ, ಅಡುಗೆಮನೆ, ಲೈಬ್ರರಿ, ರಿಪೇರಿ, ಕ್ಲಾಸಲ್ಲಿ ಸಹಾಯಕರು, ಸ್ಕೂಲಲ್ಲಿ ಕೆಲಸಕ್ಕೇನು ಕೊರತೆಯಾ. ಬೆಳಗ್ಗೆ ಬಸ್ಸಲ್ಲಿ ಕರ್ಕೊಂಡು ಬಂದವರೇ ಮಧ್ಯಾಹ್ನ ಊಟದ ಹಾಲಲ್ಲಿ ಇದ್ರೆ ಮಕ್ಕಳಿಗೂ ಅವರ ಮುಖ ಪರಿಚಯ ಆಗುತ್ತೆ, ಬಸ್ಸಲ್ಲಿ ಗಲಾಟೆನೂ ಕಮ್ಮಿಯಾಗುತ್ತೆ. ಅದು ಆಗದಿದ್ರೆ ದಿನಕ್ಕೆ ಇಷ್ಟು ಗಂಟೆಯ ಸಂಬಳ ಗ್ಯಾರಂಟಿ, ಇನ್ಶೂರೆನ್ಸ್ ಸಮೇತ, ಅಂತ ಬರೆದು ಕೊಡಿ. ಗಲಾಟೆ ಜಾಸ್ತಿ ಇರೋ ರೂಟಿಗೆ ಇನ್ನೊಬ್ಬ ಸಹಾಯಕರನ್ನ ಹತ್ತಿಸಿ, ಡ್ರೈವರ್ ಒಂದು ಕಂಪ್ಲೇಂಟ್ ಬರೆದು ಕೊಟ್ರೆ ಅದನ್ನ ಪ್ರಿನ್ಸಿಪಾಲರು ಓದಿ ಉತ್ತರ ಕೊಡ್ಲಿ. ಖರ್ಚು ಬರುತ್ತೆ, ಹೌದು. ಸೇರ್ಕೊಂಡ್ರೆ ಬೋನಸ್ ಕೊಡ್ತೀವಿ ಅಂತ ಬ್ಯಾನರ್ ಕಟ್ಟೋಕೂ, ಬಿಟ್ಟು ಹೋದವರ ಜಾಗಕ್ಕೆ ಪದೇ ಪದೇ ಹೊಸಬರಿಗೆ ಟ್ರೈನಿಂಗ್ ಕೊಡೋಕೂ ಖರ್ಚಾಗ್ತಾನೇ ಇದೆ.

ನೀವು ಅಲ್ಲಿ ಇರೋ ಪೇರೆಂಟ್ಸ್ ಆಗಿದ್ರೆ ಮುಂದಿನ ಸ್ಕೂಲ್ ಬೋರ್ಡ್ ಮೀಟಿಂಗಿಗೆ ಹೋಗಿ. ಎಷ್ಟು ಪೋಸ್ಟ್ ಖಾಲಿ ಇದೆ ಅಂತ ಅವರೇ ಹೇಳ್ತಾರೆ. ನೀವು ಕೇಳಬೇಕಾದ್ದು, ಒಬ್ಬ ಡ್ರೈವರ್‌ಗೆ ದಿನಕ್ಕೆ ಎಷ್ಟು ಗಂಟೆಯ ಸಂಬಳ ಗ್ಯಾರಂಟಿ ಇದೆ, ಜೂನ್ ಜುಲೈನಲ್ಲಿ ಅವರಿಗೆ ಏನು ಸಿಗುತ್ತೆ, ಕಳೆದ ವರ್ಷ ಸೇರಿದವರಲ್ಲಿ ಈಗ ಎಷ್ಟು ಜನ ಉಳಿದಿದಾರೆ ಅಂತ. ಉತ್ತರ ಬರೋ ತನಕ ಮೈಕ್ ಬಿಡಬೇಡಿ.