ಯಂತ್ರ ಕಲಿಯುವವರ ಕೈಗೆ ಕೊಡಿ

ಕೇಳುಗರಿಗೆ ನಮಸ್ಕಾರ.

ಕಾರ್ಖಾನೆಯ ಸೂಪರ್‌ವೈಸರ್‌ಗಳು, ಕಚೇರಿ ವ್ಯವಸ್ಥಾಪಕರು, ಅಂಗನವಾಡಿ ಮೇಲ್ವಿಚಾರಕಿಯರು, ಒಟ್ಟಿನಲ್ಲಿ ದೊಡ್ಡವರಿಗೆ ಕೆಲಸ ಕಲಿಸುವ ಹೊಣೆ ಹೊತ್ತವರೆಲ್ಲ ಈಗ ರೇಡಿಯೊ ಹತ್ತಿರ ಇದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ಹೊಸ ಯಂತ್ರವೋ ಹೊಸ ಆ್ಯಪೋ ಬಂತೆಂದರೆ ನಮ್ಮಲ್ಲಿ ಏನಾಗುತ್ತದೆ? ಒಂದು ಸಭಾಂಗಣ, ಒಂದು ಪ್ರೊಜೆಕ್ಟರ್, ಎಂಬತ್ತು ಜನ. ವೇದಿಕೆ ಮೇಲಿನವರು ಗುಂಡಿ ಒತ್ತುತ್ತಾರೆ, ಕೆಳಗೆ ಕೂತವರು ನೋಡುತ್ತಾರೆ. ಮಧ್ಯಾಹ್ನ ಊಟ, ಸಂಜೆ ಪ್ರಮಾಣಪತ್ರ. ಇದನ್ನೇ 'ತಂತ್ರಜ್ಞಾನ ಆಧಾರಿತ ತರಬೇತಿ' ಎಂದು ವರದಿ ಬರೆಯುತ್ತೇವೆ. ದಯವಿಟ್ಟು ಬರೆಯಬೇಡಿ. ನನ್ನದು ಒಂದೇ ಮಾತು: ಯಂತ್ರ ಕಲಿಯುವವರ ಕೈಯಲ್ಲಿರಲಿ, ಅವರು ತಪ್ಪು ಮಾಡಲಿ.

ಎಡ್ವಿನ್ ಲಿಂಕ್ ಎಂಬ ಅಮೆರಿಕದ ಹುಡುಗನ ಕಥೆ ಕೇಳಿ. 1920ರಲ್ಲಿ 50 ಡಾಲರ್ ಕೊಟ್ಟು ವಿಮಾನ ಕಲಿಯಲು ಹೋದ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಕಲಿಸಲು ಬಂದವರು ಸಿಡ್ನಿ ಚಾಪ್ಲಿನ್. ಹೌದು, ನಮ್ಮನ್ನೆಲ್ಲ ನಗಿಸಿದ ಚಾರ್ಲಿ ಚಾಪ್ಲಿನ್ನರ ಅಣ್ಣನೇ! ಮಹಾಶಯರು ಹುಡುಗನನ್ನು ಕೂರಿಸಿಕೊಂಡು ಆಕಾಶದಲ್ಲಿ ಪಲ್ಟಿ ಹೊಡೆದರು, ಗಿರಗಿರ ತಿರುಗಿಸಿದರು, ಕೆಳಗಿಳಿಸಿ ಬಿಟ್ಟರು. ಹುಡುಗನಿಗೆ ಚಾಲನೆಯ ಹಿಡಿಕೆ ಮುಟ್ಟಲೂ ಸಿಗಲಿಲ್ಲ. ಹೀಗೂ ಕಲಿಸುತ್ತಾರೆಯೇ ಎಂದು ಅವನಿಗೆ ಸಿಟ್ಟು ಬಂತು.

ಲಿಂಕ್‌ನ ತಂದೆಗೆ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಪಿಯಾನೊ, ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಆರ್ಗನ್ ನುಡಿಯುವುದು ತಿದಿಯ ಗಾಳಿಯಿಂದ. ಅವೇ ತಿದಿ, ಪಂಪುಗಳನ್ನು ಜೋಡಿಸಿ ಮುಂದೆ ಲಿಂಕ್ ನೆಲ ಬಿಡದ ವಿಮಾನವೊಂದನ್ನು ಮಾಡಿದ. ಮೋಟು ರೆಕ್ಕೆಯ ಪೆಟ್ಟಿಗೆ ಅದು. ಒಳಗೆ ಕೂತು ಹಿಡಿಕೆ ಎಳೆದರೆ ಅತ್ತಿತ್ತ ವಾಲುತ್ತದೆ, ಸುತ್ತುತ್ತದೆ. 1929ರ ಹೊತ್ತಿಗೆ ಸಿದ್ಧ. ಹೆಚ್ಚಾಗಿ ಕೊಂಡವರು ಯಾರು ಗೊತ್ತೇ? ಮಕ್ಕಳನ್ನು ಆಡಿಸುವ ಪಾರ್ಕುಗಳವರು!

1934ರಲ್ಲಿ ಅಲ್ಲಿನ ಸೇನೆಗೆ ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸ ಬಿತ್ತು. ಚಳಿಗಾಲ, ಮಂಜು, ರಾತ್ರಿ. ಹೊರಗೇನೂ ಕಾಣದಾಗ ಬರೀ ಮೀಟರು ನೋಡಿಕೊಂಡು ಹಾರಿಸುವ ಅಭ್ಯಾಸ ಹೆಚ್ಚಿನ ಪೈಲಟ್‌ಗಳಿಗೆ ಇರಲಿಲ್ಲ. ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ ಲಿಂಕ್‌ನ ನೆನಪಾಯಿತು. ಭೇಟಿಯ ದಿನವೂ ದಟ್ಟ ಮಂಜು. ಇವನೆಲ್ಲಿ ಬರುತ್ತಾನೆ ಎಂದು ಅಧಿಕಾರಿಗಳು ಹೊರಡುವುದರಲ್ಲಿದ್ದರು. ಲಿಂಕ್ ಮೀಟರು ನೋಡಿಕೊಂಡೇ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಬಂದಿಳಿದ. ತಲಾ 3,500 ಡಾಲರ್‌ಗೆ ಆರು ಪೆಟ್ಟಿಗೆ ಮಾರಾಟವಾದವು. ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ 5 ಲಕ್ಷಕ್ಕೂ ಹೆಚ್ಚು ಮಂದಿ ಅದರೊಳಗೆ ಕೂತು ಕಲಿತಿದ್ದರು, ಜೀವಕ್ಕೆ ಅಪಾಯವಿಲ್ಲದೆ ಮತ್ತೆ ಮತ್ತೆ 'ಬಿದ್ದು'. ಇಂದು ಬೆಂಗಳೂರಿನಲ್ಲಿ ಪೈಲಟ್‌ಗಳು ತರಬೇತಿ ಪಡೆಯುವ ಸಿಮ್ಯುಲೇಟರ್‌ಗಳೂ ಆ ಪೆಟ್ಟಿಗೆಯ ಸಂತತಿಯೇ.

ನಮಗೆ ವಿಮಾನ ಬೇಡ, ಬಿಡಿ. ಅಂಗನವಾಡಿ ಕಾರ್ಯಕರ್ತೆಯರನ್ನು ತೆಗೆದುಕೊಳ್ಳಿ. 2021ರಿಂದ ಮಕ್ಕಳ ತೂಕ, ಎತ್ತರವನ್ನು ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ದಾಖಲಿಸಬೇಕಾಗಿದೆ. ಇಪ್ಪತ್ತು ವರ್ಷ ಪುಸ್ತಕದಲ್ಲಿ ಬರೆದು ರೂಢಿಯಾದ ಕೈ. ಅವರಿಗೆ ಬುದ್ಧಿ ಕಮ್ಮಿಯೇ? ಖಂಡಿತ ಅಲ್ಲ, ಮಗುವಿನ ಮುಖ ನೋಡಿಯೇ ಸೊರಗಿದೆ ಎನ್ನಬಲ್ಲವರು. ಅವರಿಗಿರುವುದು ಸಂಕೋಚ. ಐವತ್ತರ ವಯಸ್ಸಿನಲ್ಲಿ, ಮಗಳ ವಯಸ್ಸಿನ ತರಬೇತುದಾರಳ ಮುಂದೆ, ನಾಲ್ಕು ಜನರ ನಡುವೆ ತಪ್ಪು ಗುಂಡಿ ಒತ್ತುವುದು ಯಾರಿಗೆ ಬೇಕು? ಹಾಗಾಗಿ ಒತ್ತುವುದೇ ಇಲ್ಲ. ತಲೆಯಾಡಿಸಿ ಮನೆಗೆ ಹೋಗಿ ಮಗನ ಕೈಗೆ ಫೋನು ಕೊಡುತ್ತಾರೆ. ಯಂತ್ರ ನಗುವುದಿಲ್ಲ, 'ಎಷ್ಟು ಸಲ ಹೇಳಬೇಕು' ಎಂದು ರೇಗುವುದಿಲ್ಲ. ಅದರ ಜೊತೆ ಒಬ್ಬರೇ ಕೂತು ತಪ್ಪು ಮಾಡಲು, ತಿದ್ದಿಕೊಳ್ಳಲು ಬಿಡಿ.

ವಿಡಿಯೊ ಪಾಠ ಎಷ್ಟು ಉದ್ದ ಇರಬೇಕು, ಕಲಿತದ್ದನ್ನು ವಾರ ಬಿಟ್ಟು ಮತ್ತೆ ಕೇಳುವುದು ಹೇಗೆ, ಇವನ್ನೂ ಹೇಳುವುದಿತ್ತು. ಲಿಂಕ್ ಮಹಾಶಯರು ಸಮಯವನ್ನೆಲ್ಲ ತಿಂದುಬಿಟ್ಟರು. ವಿಡಿಯೊ ಚಿಕ್ಕದಿರಲಿ, ಕನ್ನಡದಲ್ಲಿರಲಿ, ಅಷ್ಟು ಸಾಕು.

ಮುಂದಿನ ತರಬೇತಿಗೆ ಹತ್ತು ಯಂತ್ರ ಇದ್ದರೆ ಹತ್ತೇ ಜನರನ್ನು ಕರೆಯಿರಿ. ಅಭ್ಯಾಸಕ್ಕೆ ಸುಳ್ಳು ಹೆಸರು, ಸುಳ್ಳು ಅಂಕಿ ತುಂಬಿದ ಪ್ರತ್ಯೇಕ ಖಾತೆ ಮಾಡಿಕೊಡಿ, ಏನು ಅಳಿಸಿದರೂ ನಷ್ಟವಾಗದ ಹಾಗೆ. ಉಳಿದ ಎಪ್ಪತ್ತು ಜನ ಬೇರೆ ದಿನ ಬರಲಿ. ಊಟದ ಖರ್ಚು ಹೆಚ್ಚಾಗುತ್ತದೆ ಎಂದು ಲೆಕ್ಕಪತ್ರ ವಿಭಾಗ ತಕರಾರು ತೆಗೆದರೆ, ಅವರನ್ನೂ ಒಂದು ಯಂತ್ರದ ಮುಂದೆ ಕೂರಿಸಿ.

ನಮಸ್ಕಾರ.