ಮೊದಲು ಕೂರಬೇಕು, ಆಮೇಲೆ ಕೇಳಬೇಕು: ಉನ್ನತ ದರ್ಜೆಯ ಇನ್-ಇಯರ್ ಇಯರ್‌ಫೋನುಗಳ ಹೋಲಿಕೆ

ಕೇಳುಗರಿಗೆ ನಮಸ್ಕಾರ.

ಕಿವಿನಾಳದ ಒಳಗೇ ತೂರಿಸಿಕೊಳ್ಳುವ ಒಂದೇ ಇಯರ್‌ಫೋನನ್ನು ಇಬ್ಬರ ಕೈಗೆ ಕೊಡಿ. ಬೇಸ್ ತುಂಬಿ ತುಳುಕುತ್ತಿದೆ ಎಂದು ಒಬ್ಬರು ಹೇಳಿದರೆ, ಬೇಸೇ ಇಲ್ಲವಲ್ಲ ಎಂದು ಇನ್ನೊಬ್ಬರು ಹೇಳುವುದು ತೀರಾ ಸಾಮಾನ್ಯ. ಇಬ್ಬರ ಮಾತೂ ನಿಜ. ಒಬ್ಬರ ಕಿವಿಯಲ್ಲಿ ಅದು ಗಾಳಿಯಾಡದಂತೆ ಮುಚ್ಚಿಕೊಂಡು ಕೂತಿದೆ, ಇನ್ನೊಬ್ಬರ ಕಿವಿಯಲ್ಲಿ ಕೂದಲೆಳೆಯಷ್ಟು ಸಂದು ಉಳಿದಿದೆ. ಇಯರ್‌ಫೋನಿನ ಡಯಾಫ್ರಮ್, ಅಂದರೆ ಅದುರಿ ಸದ್ದು ಹುಟ್ಟಿಸುವ ತೆಳು ಪೊರೆ, ತೀರಾ ಚಿಕ್ಕದು. ತನಗೂ ಕಿವಿತಮಟೆಗೂ ನಡುವೆ ಸೆರೆಸಿಕ್ಕ ಚೂರು ಗಾಳಿಯನ್ನು ಒತ್ತಿ, ಸಡಿಲಿಸಿ ಅದು ತಗ್ಗು ಸ್ವರಗಳನ್ನು ಹುಟ್ಟಿಸುತ್ತದೆ. ಸಂದು ಇದ್ದರೆ ಆ ಒತ್ತಡ ನಿಲ್ಲದೆ ಸೋರಿಹೋಗುತ್ತದೆ. 100 ಹರ್ಟ್ಸ್‌ಗಿಂತ ಕೆಳಗಿನ ಸದ್ದು 10 ಡೆಸಿಬೆಲ್‌ಗೂ ಹೆಚ್ಚು ಕುಸಿಯಬಹುದು. ಬೇಸ್ ಹೋದೊಡನೆ ಉಳಿದ ಸದ್ದೆಲ್ಲ ತೆಳ್ಳಗೆ, ಚುಚ್ಚುವಂತೆ ಕೇಳುತ್ತದೆ. ಆಗ ಕೇಳುಗರು ದೂರುವುದು ಟ್ರೆಬಲನ್ನು, ಅಂದರೆ ಮೇಲು ಸ್ವರಗಳನ್ನು; ತಪ್ಪು ಇರುವುದು ಸೀಲಿನಲ್ಲಿ, ಅಂದರೆ ಗಾಳಿಯಾಡದ ಆ ಮುಚ್ಚಿಕೆಯಲ್ಲಿ.

ಆದ್ದರಿಂದ ಎರಡು ಮೂರು ದುಬಾರಿ ಮಾದರಿಗಳನ್ನು ಹೋಲಿಸಲು ಕೂತವರು ಮೊದಲ ದಿನ ಸಂಗೀತದ ಗುಣದೋಷ ಬರೆದಿಡಬಾರದು. ಆ ದಿನವನ್ನು ಪೂರ್ತಿಯಾಗಿ ಕೂರಿಸುವುದಕ್ಕೇ ಕೊಡಬೇಕು.

ಕೂರಿಸುವ ಕ್ರಮ ಹೀಗೆ. ವಯಸ್ಕರ ಕಿವಿನಾಳ ಸುಮಾರು 25 ಮಿಲಿಮೀಟರ್ ಉದ್ದ, ಅದೂ ನೇರವಲ್ಲ, ಎರಡು ಕಡೆ ಬಾಗಿದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು, ಕಿವಿಯ ಮೇಲಂಚನ್ನು ಹಿಂದಕ್ಕೂ ಮೇಲಕ್ಕೂ ಮೆಲ್ಲಗೆ ಎಳೆಯಿರಿ. ನಾಳ ಕೊಂಚ ನೇರವಾಗುತ್ತದೆ. ಬಾಯನ್ನು ಸ್ವಲ್ಪ ತೆರೆದುಕೊಂಡು, ಇಯರ್‌ಫೋನನ್ನು ಸಣ್ಣಗೆ ತಿರುಗಿಸುತ್ತ ಒಳಗೆ ಸರಿಸಿ, ಬಳಿಕ ಕಿವಿಯನ್ನು ಬಿಡಿ. ಈ ದರ್ಜೆಯ ಬಹುತೇಕ ಮಾದರಿಗಳ ಕೇಬಲ್ ಕಿವಿಯ ಮೇಲಿನಿಂದ ಹಿಂದಕ್ಕೆ ಹೋಗುತ್ತದೆ. ಆ ಬಳಸನ್ನು ಕೊನೆಗೆ ಸರಿಮಾಡಿ. ಮೊದಲೇ ಬಿಗಿದರೆ ಕೇಬಲ್ಲೇ ಇಯರ್‌ಫೋನನ್ನು ಹೊರಗೆಳೆಯುತ್ತದೆ. ಕಿವಿಯೊಳಗೆ ಕೂರುವ ಮೆತ್ತನೆಯ ತುದಿ, ಅಂದರೆ ಟಿಪ್, ಫೋಮಿನದಾದರೆ ಬೆರಳುಗಳ ನಡುವೆ ಹೊರಳಿಸಿ ತೆಳ್ಳಗೆ ಮಾಡಿ, ಒಳಗಿಟ್ಟು, ಅದು ಉಬ್ಬುವವರೆಗೆ, ಅಂದರೆ 20ರಿಂದ 30 ಸೆಕೆಂಡು, ಬೆರಳಿನಿಂದ ಹಿಡಿದಿರಬೇಕು. ಬೇಗ ಬಿಟ್ಟರೆ ಅದು ಉಬ್ಬುತ್ತ ಹೊರಗೆ ಜಾರುತ್ತದೆ.

ಸೀಲ್ ಆಗಿದೆಯೇ ಎಂದು ತಿಳಿಯಲು ಊಹೆ ಬೇಡ. 40 ಅಥವಾ 50 ಹರ್ಟ್ಸ್‌ನ ಒಂಟಿ ಸ್ವರವನ್ನು ಸಣ್ಣ ಸದ್ದಿನಲ್ಲಿ ಹಾಕಿ, ಒಂದೊಂದೇ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಗುಂಯ್‌ಗುಡುವಿಕೆ ಹೆಚ್ಚಿದರೆ ಸೀಲ್ ಇಲ್ಲ. ಒತ್ತಿದರೂ ಬಿಟ್ಟರೂ ಒಂದೇ ಸಮ ಇದ್ದರೆ ಸೀಲ್ ಇದೆ. ಆಮೇಲೆ ತಲೆ ಅಲ್ಲಾಡಿಸಿ, ದವಡೆ ಆಡಿಸಿ ನೋಡಿ. ನಾಳದ ಮುಂದಿನ ಗೋಡೆ ದವಡೆಯ ಕೀಲಿಗೆ ಒತ್ತಿಕೊಂಡೇ ಇರುವುದರಿಂದ ಬಾಯಿ ತೆರೆದಾಗ ನಾಳದ ಆಕಾರ ಬದಲಾಗುತ್ತದೆ. ಸುಮ್ಮನೆ ಕೂತಾಗ ಇದ್ದ ಸೀಲ್ ಮಾತಾಡುವಾಗ ಬಿಟ್ಟುಹೋಗುವುದು ಇದರಿಂದಲೇ. ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಅಳತೆಯ ಟಿಪ್ ಬೇಕಾಗುವುದು ಸಹಜ. ಜೋಡಿ ಒಂದೇ ಅಳತೆಯದಿರಬೇಕೆಂಬ ನಿಯಮ ಎಲ್ಲೂ ಇಲ್ಲ.

ಟಿಪ್‌ಗಳ ವಿಷಯವನ್ನು ಹಗುರವಾಗಿ ಬಿಡಬಾರದು. ಸಿಲಿಕಾನ್ ಟಿಪ್ ಬಹುಕಾಲ ಬಾಳುತ್ತದೆ, ತೊಳೆಯಬಹುದು. ಫೋಮ್ ಟಿಪ್ ನಾಳದ ಆಕಾರಕ್ಕೆ ತಾನೇ ಹೊಂದಿಕೊಂಡು ಹೊರಗಿನ ಗದ್ದಲವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಟ್ರೆಬಲಿನ ಮೊನೆಯನ್ನು ಸ್ವಲ್ಪ ಮೊಂಡು ಮಾಡುತ್ತದೆ, ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಕೆಲಸಕ್ಕೆ ಬಾರದಾಗುತ್ತದೆ. ಟಿಪ್‌ನ ರಂಧ್ರವೂ ಸದ್ದನ್ನು ಬದಲಿಸುತ್ತದೆ: ಅಗಲ ರಂಧ್ರದಲ್ಲಿ ಟ್ರೆಬಲ್ ಹೆಚ್ಚು ತೆರೆದುಕೊಂಡರೆ, ಕಿರಿದಾದ ರಂಧ್ರದಲ್ಲಿ ಟ್ರೆಬಲ್ ತಗ್ಗಿ ಬೇಸ್ ಮುಂದೆ ಬಂದಂತೆ ಕೇಳುತ್ತದೆ. ಟಿಪ್ ಸಿಕ್ಕಿಸುವ ಮೂತಿಗೆ ನಾಜಲ್ ಎನ್ನುತ್ತಾರೆ. ನಾಜಲ್‌ನ ದಪ್ಪ ಎಲ್ಲ ಮಾದರಿಗೂ ಒಂದೇ ಅಲ್ಲ. ಶ್ಯೂರ್, ಎಟಿಮೋಟಿಕ್ ಇಯರ್‌ಫೋನುಗಳ ನಾಜಲ್ ಸಣಕಲು, ಬೇರೆ ಹಲವು ಮಾದರಿಗಳದು 5ರಿಂದ 6 ಮಿಲಿಮೀಟರ್ ದಪ್ಪ. ದಪ್ಪ ನಾಜಲ್‌ಗೆಂದು ಮಾಡಿದ ಟಿಪ್ಪನ್ನು ಸಣ್ಣದಕ್ಕೆ ಹಾಕಿದರೆ ಇಯರ್‌ಫೋನ್ ಹೊರಬರುತ್ತದೆ, ಟಿಪ್ ಕಿವಿಯಲ್ಲೇ ಉಳಿಯುತ್ತದೆ. ಹಾಗಾದಾಗ ಕಡ್ಡಿ ಹಾಕಿ ಕೆದಕಬೇಡಿ. ಅದು ಇನ್ನೂ ಒಳಕ್ಕೆ ಹೋಗುತ್ತದೆ. ಕಿವಿ ವೈದ್ಯರು ಸರಿಯಾದ ಉಪಕರಣದಿಂದ ತೆಗೆಯುತ್ತಾರೆ.

ಎಷ್ಟು ಆಳಕ್ಕೆ ಹಾಕುತ್ತೀರಿ ಎಂಬುದೂ ನಾದವನ್ನು ತಿದ್ದುತ್ತದೆ. ಇಯರ್‌ಫೋನ್ ಹಾಕಿದ ಮೇಲೆ ಟಿಪ್‌ನ ತುದಿಗೂ ಕಿವಿತಮಟೆಗೂ ನಡುವಿನ ನಾಳ ಎರಡೂ ಕಡೆ ಮುಚ್ಚಿದ ಕೊಳವೆಯಾಗುತ್ತದೆ. ಆ ಕೊಳವೆಯಲ್ಲಿ ಒಂದು ಅನುರಣನ ಹುಟ್ಟುತ್ತದೆ, ಅಂದರೆ ಒಂದು ಸ್ವರ ಉಳಿದವಕ್ಕಿಂತ ಜೋರಾಗಿ ಮೊಳಗುತ್ತದೆ. ಉಳಿದ ಉದ್ದ 20 ಮಿಲಿಮೀಟರ್ ಆದರೆ ಅದು ಸುಮಾರು 8,500 ಹರ್ಟ್ಸ್‌ನಲ್ಲಿ, 15 ಮಿಲಿಮೀಟರ್ ಆದರೆ ಸುಮಾರು 11,400 ಹರ್ಟ್ಸ್‌ನಲ್ಲಿ ಬರುತ್ತದೆ. ಮೇಲುಮೇಲೆ ಹಾಕಿದಾಗ ‘ಸ’, ‘ಶ’ ಅಕ್ಷರಗಳು ಸೀಳಿದಂತೆ ಕೇಳುವ ಇಯರ್‌ಫೋನು 2 ಮಿಲಿಮೀಟರ್ ಒಳಗೆ ಸರಿದೊಡನೆ ಮೆತ್ತಗಾಗುವುದಕ್ಕೆ ಕಾರಣ ಇದೇ. 1991ರಲ್ಲಿ ಬಂದ ಎಟಿಮೋಟಿಕ್ ಇಆರ್-4 ಮೂರು ಅಂಚಿನ ಟಿಪ್ ಹಾಕಿಕೊಂಡು ನಾಳದ ತೀರಾ ಒಳಕ್ಕೆ ಹೋಗುವಂತೆ ರಚಿತವಾದದ್ದು. ಹೊರಗಿನ ಗದ್ದಲವನ್ನು ಅದು 35 ಡೆಸಿಬೆಲ್‌ನಷ್ಟು ತಡೆಯುತ್ತದೆ, ಆಳ ಹೆಚ್ಚಾದ್ದರಿಂದ ಅನುರಣನವೂ ಮೇಲಕ್ಕೆ ಸರಿಯುತ್ತದೆ. ಅಷ್ಟು ಒಳಗೆ ಹಾಕಿಕೊಳ್ಳುವುದನ್ನು ಸಹಿಸಲಾರದವರೂ ಬಹಳ. ಅವರಿಗೆ ಅದರ ನಾದ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಇನ್ನು ಹಿತ. ಹತ್ತು ನಿಮಿಷ ಹಾಕಿ ನೋಡಿ ಹಿತವಾಗಿದೆ ಎನ್ನುವುದು ಅವಸರ. ಒಂದೂವರೆ ಗಂಟೆ ಬಿಡದೆ ಹಾಕಿಕೊಂಡಿರಿ. ನೋವು ಎಲ್ಲಿ ಬಂತು ಎಂಬುದೇ ಕಾರಣವನ್ನು ಹೇಳುತ್ತದೆ. ನಾಳದ ಒಳಗೆ ಸುತ್ತಲೂ ಒತ್ತಿದಂತಾದರೆ ಟಿಪ್ ದೊಡ್ಡದಾಯಿತು, ಒಂದು ಅಳತೆ ಕೆಳಗಿಳಿಯಿರಿ ಅಥವಾ ಮೆತ್ತನೆಯ ಸಿಲಿಕಾನಿಗೆ ಬದಲಿಸಿ. ಕಿವಿಯ ಬಟ್ಟಲಿನ ಹಿಂದಿನ ಅಂಚಿನಲ್ಲಿ ಒಂದೇ ಬಿಂದುವಿನಲ್ಲಿ ನೋವಾದರೆ ಶೆಲ್, ಅಂದರೆ ಇಯರ್‌ಫೋನಿನ ಹೊರಕವಚ, ನಿಮ್ಮ ಕಿವಿಗೆ ದೊಡ್ಡದು. ಟಿಪ್ ಬದಲಿಸಿದರೆ ಅದು ವಾಸಿಯಾಗದು. ಹೆಚ್ಚೆಂದರೆ ಉದ್ದನೆಯ ಟಿಪ್ ಹಾಕಿ ಶೆಲ್ಲನ್ನು ಸ್ವಲ್ಪ ಹೊರಗಿಡಬಹುದು, ಆಗ ಆಳ ಬದಲಾಗಿ ನಾದವೂ ಬದಲಾಗುತ್ತದೆ. ಕಿವಿಯ ಮೇಲೆ ಉರಿದರೆ ಅದು ಕೇಬಲ್ಲಿನ ಗಟ್ಟಿ ಬಳಸು. ಇಡೀ ಕಿವಿ ಕಟ್ಟಿದಂತಾದರೆ ಗಾಳಿಯ ಒತ್ತಡ. ಗಾಳಿ ಹೋಗಲು ಸಣ್ಣ ರಂಧ್ರವಿಲ್ಲದ ಶೆಲ್‌ಗಳಲ್ಲಿ ಇದು ಹೆಚ್ಚು. ರಂಧ್ರವಿರುವಲ್ಲಿ ಹಿತ ಹೆಚ್ಚಾದರೂ ಗದ್ದಲ ತಡೆಯುವ ಶಕ್ತಿ ಕಡಿಮೆ. ಹಾಕುವಾಗ ಹಾಳೆ ಮುದುಡಿದಂತೆ ಸಣ್ಣ ಸದ್ದು ಬಂದರೆ, ಒಳನುಗ್ಗಿದ ಗಾಳಿ ಡಯಾಫ್ರಮ್ಮನ್ನು ಬಾಗಿಸಿತೆಂದು ಅರ್ಥ. ನಿಧಾನವಾಗಿ ಹಾಕಿದರೆ ಅದು ನಿಲ್ಲುತ್ತದೆ.

ಶೆಲ್‌ನ ಗಾತ್ರವನ್ನು ಎಷ್ಟೋ ಸಲ ಒಳಗೆ ಸದ್ದು ಹುಟ್ಟಿಸುವ ಘಟಕವಾದ ಡ್ರೈವರ್ ನಿರ್ಧರಿಸುತ್ತದೆ. ಸೋನಿಯ ಐಇಆರ್-ಝಡ್1ಆರ್ ಒಳಗೆ 12 ಮಿಲಿಮೀಟರಿನ ಡೈನಾಮಿಕ್ ಡ್ರೈವರ್ (ತಂತಿಸುರುಳಿಯಿಂದ ಡಯಾಫ್ರಮ್ಮನ್ನು ಆಡಿಸುವ ಬಗೆ) ಸೇರಿ ಮೂರು ಡ್ರೈವರ್‌ಗಳಿವೆ, ಲೋಹದ ಹೊದಿಕೆ. ಅದರ ಬೇಸ್ ಕೇಳಿ ಮನಸೋತು, ಕಿವಿಗೆ ಹಿಡಿಸದೆ ಬಿಟ್ಟವರಿದ್ದಾರೆ. ಸೆನ್‌ಹೈಸರ್ ಐಇ 900 ಒಂದೇ ಒಂದು 7 ಮಿಲಿಮೀಟರ್ ಡ್ರೈವರಿನದು, ಅಲ್ಯುಮಿನಿಯಮ್ ಶೆಲ್ ಪುಟ್ಟದು, ಸಣ್ಣ ಕಿವಿಗೂ ಕೂರುತ್ತದೆ. 2013ರ ಶ್ಯೂರ್ ಎಸ್‌ಇ846ರಲ್ಲಿ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಪುಟ್ಟ ಬಗೆಯ ನಾಲ್ಕು ಡ್ರೈವರ್‌ಗಳಿವೆ, ನಾಜಲ್‌ನ ಒಳಗಿನ ತುಂಡನ್ನು ಬದಲಿಸಿ ಟ್ರೆಬಲನ್ನು ಏರಿಸಬಹುದು, ಇಳಿಸಬಹುದು. ಡ್ರೈವರುಗಳ ಸಂಖ್ಯೆ ನೋಡಿ ದರ್ಜೆ ಅಳೆಯಬೇಡಿ. ಹಲವು ಡ್ರೈವರುಗಳಿದ್ದರೆ ಅವುಗಳ ನಡುವೆ ಸ್ವರಗಳನ್ನು ಹಂಚುವ ಕ್ರಾಸೋವರ್ ಬೇಕು. ಆ ಹೆಣಿಗೆ ಸಡಿಲವಾದ ಕಡೆ ಗಾಯಕರ ದನಿ ಮೇಲು ಸ್ಥಾಯಿಗೆ ಏರಿದಾಗ ಬಣ್ಣ ಬದಲಿಸಿದಂತೆ ಕೇಳುತ್ತದೆ.

ಈಗ ನಾದದ ಹೋಲಿಕೆಗೆ ಬರೋಣ. ಎರಡು ಇಯರ್‌ಫೋನುಗಳ ಸದ್ದಿನ ಮಟ್ಟ ಸಮವಿಲ್ಲದಿದ್ದರೆ ಹೋಲಿಕೆ ಅಲ್ಲಿಗೇ ಕೆಟ್ಟಿತು. 1 ಡೆಸಿಬೆಲ್ ಹೆಚ್ಚು ಕೂಗುವುದನ್ನು ನಮ್ಮ ಕಿವಿ ‘ಜೋರು’ ಎಂದು ಗುರುತಿಸದೆ ‘ಸ್ಪಷ್ಟ, ತುಂಬು’ ಎಂದು ಮೆಚ್ಚಿಕೊಳ್ಳುತ್ತದೆ. ಸಣ್ಣ ಮೈಕಿಗೂ ನಾಜಲ್‌ಗೂ ನಡುವೆ ಸಂದಿಲ್ಲದಂತೆ ಸಿಲಿಕಾನ್ ಕೊಳವೆಯ ತುಂಡು ಸಿಕ್ಕಿಸಿ, 500 ಹರ್ಟ್ಸ್ ಸ್ವರ ಹಾಕಿ, ಎರಡನ್ನೂ ಅರ್ಧ ಡೆಸಿಬೆಲ್ ಒಳಗೆ ಸರಿದೂಗಿಸಿ. ಎರಡಕ್ಕೂ ಕೊಳವೆಯಲ್ಲಿ ಒಂದೇ ದೂರ ಇರಲಿ. ಮೈಕು ಇಲ್ಲದಿದ್ದರೆ ಅದೇ ಸ್ವರವನ್ನು ಕಿವಿಯಿಂದಲೇ ಸಮ ಮಾಡಿ, ವಾಲ್ಯೂಮಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಪ್ಲೇಯರ್ ಅಥವಾ ಆಂಪ್ಲಿಫೈಯರ್ ಕೂಡ ಸದ್ದನ್ನು ತಿರುಚಬಲ್ಲದು. ಬ್ಯಾಲೆನ್ಸ್ಡ್ ಆರ್ಮೇಚರ್‌ಗಳಿರುವ ಇಯರ್‌ಫೋನಿನ ಇಂಪೀಡೆನ್ಸ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಒಂದು ಕಡೆ 8 ಓಮ್, ಇನ್ನೊಂದು ಕಡೆ 30 ಓಮ್ ಇದೆ ಎನ್ನೋಣ. ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ 10 ಓಮ್ ಆದರೆ ಆ ಎರಡು ಸ್ವರಗಳ ನಡುವೆ ನಾಲ್ಕೂವರೆ ಡೆಸಿಬೆಲ್ ಏರುಪೇರು ಹುಟ್ಟುತ್ತದೆ. ಅದೇ 1 ಓಮ್ ಆದರೆ ಮುಕ್ಕಾಲು ಡೆಸಿಬೆಲ್ ಅಷ್ಟೆ. ಇಯರ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಆಂಪ್ಲಿಫೈಯರಿನ ಔಟ್‌ಪುಟ್ ಇಂಪೀಡೆನ್ಸ್ ಕಡಿಮೆಯಿರಲಿ ಎಂಬ ಲೆಕ್ಕ ಇಲ್ಲಿಂದ ಬಂದದ್ದು. ಕ್ಯಾಂಪ್‌ಫೈರ್ ಆಂಡ್ರೊಮೆಡಾದಂಥ, ಅಲ್ಪ ಇಂಪೀಡೆನ್ಸಿನ ಬಲು ಸೂಕ್ಷ್ಮ ಇಯರ್‌ಫೋನುಗಳಲ್ಲಿ ಹಾಡಿಲ್ಲದಾಗ ಸಣ್ಣ ‘ಸ್ಸ್’ ಸದ್ದು ಕೇಳಿಸಿದರೆ ಅದು ಆಂಪ್ಲಿಫೈಯರಿನದೇ ಗದ್ದಲ. ಇಯರ್‌ಫೋನ್ ಅದನ್ನು ಮುಚ್ಚಿಡದೆ ಕೇಳಿಸುತ್ತಿದೆ ಅಷ್ಟೆ. ಒಂದೇ ಡೈನಾಮಿಕ್ ಡ್ರೈವರಿನ ಮಾದರಿಗಳಲ್ಲಿ ಇಂಪೀಡೆನ್ಸ್ ಬಹುಪಾಲು ಸಮವಾಗಿರುವುದರಿಂದ ಈ ತೊಡಕು ಕಡಿಮೆ.

ಏನನ್ನು ಕೇಳಬೇಕು? ಚೆನ್ನಾಗಿ ಗೊತ್ತಿರುವ, ಚೆನ್ನಾಗಿ ಮುದ್ರಿತವಾದ ನಾಲ್ಕೈದು ಹಾಡು ಸಾಕು. ಮೃದಂಗದ ಎಡಮುಖದ ನಾದ ಗುಮ್ಮೆಂದು ಹುಟ್ಟಿ, ಬಾಗಿ, ನಿಲ್ಲುವುದನ್ನು ಗಮನಿಸಿ. ಒಳ್ಳೆಯ ಬೇಸ್ ಎಂದರೆ ಅಲ್ಲಿ ಆ ಬಾಗು ಕಾಣಬೇಕು, ಬರೀ ಗುದ್ದು ಕೇಳಿದರೆ ಸಾಲದು. ತಂಬೂರಿಯ ನಾಲ್ಕು ತಂತಿಗಳು ಗಾಯಕರ ದನಿಯ ಹಿಂದೆ ಬೇರೆಬೇರೆಯಾಗಿ ನಿಲ್ಲುತ್ತವೆಯೇ, ಮುದ್ದೆಯಾಗುತ್ತವೆಯೇ ಎಂಬುದು ಮಧ್ಯದ ಸ್ವರಗಳ ಪರೀಕ್ಷೆ. ಟ್ರೆಬಲಿಗೆ ಸಣ್ಣ ತಾಳದ ಕಂಚಿನ ನಾದ, ಅದರ ಬಾಲ ಎಲ್ಲಿಯವರೆಗೆ ಕೇಳುತ್ತದೆ ಎಂಬುದು. ಇದರ ಜೊತೆಗೆ 20ರಿಂದ 20,000 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ತಗ್ಗು ಸದ್ದಿನಲ್ಲಿ ಒಮ್ಮೆ ಕೇಳಿ. ಎಲ್ಲಿ ಥಟ್ಟನೆ ಚುಚ್ಚುತ್ತದೆಯೋ ಅದು ನಿಮ್ಮ ಕಿವಿಯಲ್ಲಿ ಈ ಇಯರ್‌ಫೋನಿನ ಮೊನೆ.

ಅಳತೆಯ ನಕ್ಷೆಗಳು ಉಪಯುಕ್ತ, ಎಲ್ಲೆ ಗೊತ್ತಿರಬೇಕು. ಬಹುತೇಕ ನಕ್ಷೆಗಳು ಐಇಸಿ 60318-4 ಎಂಬ ಮಾನಕದ ಕೃತಕ ಕಿವಿಯಲ್ಲಿ ತೆಗೆದವು. 8,000 ಹರ್ಟ್ಸ್ ದಾಟಿದ ಮೇಲೆ ಅದರಲ್ಲಿ ಕಾಣುವ ಏರಿಳಿತ ನಿಮ್ಮ ಕಿವಿಯದಲ್ಲ. ಬೇಸಿಗೂ ಮಧ್ಯದ ಸ್ವರಗಳಿಗೂ ಮಾತ್ರ ಆ ನಕ್ಷೆಗಳನ್ನು ಧೈರ್ಯವಾಗಿ ನಂಬಬಹುದು, ಅದೂ ನಿಮ್ಮ ಸೀಲ್ ಸರಿಯಿದ್ದರೆ.

ಒಂದನ್ನು ಗಂಟೆಗಟ್ಟಲೆ ಕೇಳಿದ ಬಳಿಕ ತಕ್ಷಣ ಇನ್ನೊಂದಕ್ಕೆ ಹೋಗಬೇಡಿ. ಮಿದುಳು ಮೊದಲನೆಯದರ ಬಣ್ಣಕ್ಕೆ ಒಗ್ಗಿರುತ್ತದೆ, ಎರಡನೆಯದು ಮಂಕಾಗಿಯೋ ಕರ್ಕಶವಾಗಿಯೋ ಕೇಳುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಕೇಳಿ, ಮರುದಿನ ಕ್ರಮ ತಿರುವುಮುರುವು ಮಾಡಿ. ಎರಡೂ ದಿನ ಬರೆದುಕೊಂಡದ್ದು ತಾಳೆಯಾದರೆ ಮಾತ್ರ ಆ ಅಭಿಪ್ರಾಯವನ್ನು ಇಟ್ಟುಕೊಳ್ಳಿ.

ಹೋಲಿಕೆಯಲ್ಲಿ ಗದ್ದಲ ತಡೆಯುವ ಗುಣಕ್ಕೆ ಬಹುಮಂದಿ ಅಂಕ ಕೊಡುವುದೇ ಇಲ್ಲ. ಕೊಡಬೇಕು. ಹೊರಗಿನ ಸದ್ದು ಒಳಬಂದಷ್ಟೂ ನಾವು ವಾಲ್ಯೂಮ್ ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಹೊತ್ತು ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಚೆನ್ನಾಗಿ ಮುಚ್ಚುವ ಇಯರ್‌ಫೋನು ಕಿವಿಯನ್ನೇ ಉಳಿಸುತ್ತದೆ.

ಒಂದು ಕಡೆಯ ಸದ್ದು ತಗ್ಗಿದಂತೆ ಅನಿಸಿದರೆ ಇಯರ್‌ಫೋನ್ ಕೆಟ್ಟಿತೆಂದು ಕೂಡಲೇ ತೀರ್ಮಾನಿಸಬೇಡಿ. ಕೇಬಲ್ ಕಳಚುವಂಥದ್ದಾದರೆ ಎಡದ ಕೊಂಡಿಯನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ದೋಷ ಕಿವಿ ಬದಲಿಸಿದರೆ ಕೇಬಲ್ ಅಥವಾ ಪ್ಲೇಯರ್ ಕಾರಣ. ಅದೇ ಕಡೆ ಉಳಿದರೆ ನಾಜಲ್‌ನ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ, ಹೆಚ್ಚಿನ ಸಲ ಅಲ್ಲಿ ಗುಗ್ಗೆ ಕೂತಿರುತ್ತದೆ. ನಾಜಲನ್ನು ಕೆಳಮುಖವಾಗಿ ಹಿಡಿದು ಒಣ, ಮೃದು ಬ್ರಷ್ಷಿನಿಂದ ಉಜ್ಜಿ, ಉದುರಿದ್ದು ಹೊರಗೆ ಬೀಳಲಿ. ಮೇಲ್ಮುಖವಾಗಿ ಹಿಡಿದರೆ ಡ್ರೈವರಿನತ್ತ ಇಳಿಯುತ್ತದೆ. ಸೂಜಿಯೂ ಬೇಡ, ನೀರೂ ಬೇಡ. ಎರಡು ಪಿನ್ನಿನ ಕೊಂಡಿಯನ್ನು ಒಂದು ಕಡೆ ಮಾತ್ರ ತಿರುಗುಮುರುಗಾಗಿ ಹಾಕಿದ್ದರೆ ಬೇಸ್ ಕರಗಿ, ಗಾಯಕರ ದನಿ ನಡುವಿನಲ್ಲಿ ನಿಲ್ಲದೆ ಚದುರುತ್ತದೆ. ಕೊಂಡಿಯ ಗುರುತು ನೋಡಿ ಸರಿಪಡಿಸಿದರೆ ಸಾಕು. ಜಾಲರಿ ಸ್ವಚ್ಛವಾಗಿದ್ದು, ಕೊಂಡಿಯೂ ಸರಿಯಿದ್ದು, ಸದ್ದು ಆಗಲೂ ತಗ್ಗಿಯೇ ಇದ್ದರೆ ತಗ್ಗಿದ ಕಡೆಯ ಇಯರ್‌ಫೋನಿನ ನಾಜಲ್‌ಗೆ ಇನ್ನೊಂದು ಕಿವಿ ಕೊಟ್ಟು ಕೇಳಿ. ಅಲ್ಲಿ ಸಮವಾಗಿ ಕೇಳಿದರೆ ಪರೀಕ್ಷೆ ಮಾಡಿಸಬೇಕಾದದ್ದು ಕಿವಿಯನ್ನು.