ಮೂರು ಎಣಿಸುವಷ್ಟು ಹೊತ್ತು

ಕೇಳುಗರಿಗೆಲ್ಲ ನಮಸ್ಕಾರ.

ನಾನು ನಲಿ-ಕಲಿ ಮೇಷ್ಟ್ರು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ನನ್ನ ಒಂದೇ ಕೋಣೆಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಇಲ್ಲಿ ಎಲ್ಲರಿಗೂ ಒಂದೇ ಪಾಠ ಅಂತಿಲ್ಲ. ಕಲಿಯಬೇಕಾದ್ದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟವೊಂದಿದೆ, ಅದೇ ಕಲಿಕಾ ಏಣಿ. ಮಗು ಅದನ್ನು ನೋಡಿ ತನ್ನ ಕಾರ್ಡು ತೆಗೆದುಕೊಳ್ಳುತ್ತದೆ, ಕಾರ್ಡಿನ ಚಿಹ್ನೆ ಯಾವ ಗುಂಪಿನ ಗುರುತಿನ ತಟ್ಟೆಯಲ್ಲಿದೆಯೋ ಆ ಗುಂಪಿಗೆ ಹೋಗಿ ಕೂರುತ್ತದೆ. ಹಾಗಂತ ಎಲ್ಲ ಏಣಿಯೇ ಮಾಡುತ್ತದೆ ಅಂದುಕೊಳ್ಳಬೇಡಿ. ಮಗು ಮೆಟ್ಟಿಲು ಹತ್ತಿತೋ ಇಲ್ಲವೋ ಅಂತ ತೀರ್ಮಾನಿಸಿ 'ಪ್ರಗತಿ ನೋಟ' ಅನ್ನುವ ದಾಖಲೆಯಲ್ಲಿ ಗುರುತು ಹಾಕುವವರು ನಾವೇ. ದಿನಕ್ಕೆ ಎಷ್ಟು ಸಲವೋ! ಒಂದೊಂದಕ್ಕೂ ಸಿಗುವುದು ಅರೆಗಳಿಗೆ.

ಒಂದನೇ ತರಗತಿಗೆ ಒಬ್ಬ ಹುಡುಗ ಬಂದ. ಮನೆಮಾತು ಲಂಬಾಣಿ. ನಮ್ಮಲ್ಲಿ ಕಲಿಕೆ ಅ, ಆ, ಇ, ಈಯಿಂದ ಶುರುವಾಗುವುದಿಲ್ಲ. ರ, ಗ, ಸ, ದ, ಅ ಮೊದಲು. ಗರಗಸದ ಚಿತ್ರ ತೋರಿಸಿ 'ಇದೇನೋ?' ಅಂದೆ. ಅವನು ನನ್ನ ಮುಖ ನೋಡಿದ, ಚಿತ್ರ ನೋಡಿದ. 'ಹೋಗ್ಲಿ ಬಿಡು, ಇನ್ನೊಂದ್ಸಲ ಕಲಿ' ಅಂದು ಪಕ್ಕದವಳ ಕಡೆ ತಿರುಗಿದೆ. ಹೀಗೇ ಒಂದು ವಾರ. ಹುಡುಗ ಅದೇ ಮೆಟ್ಟಿಲಲ್ಲಿ.

ಒಂದು ದಿನ ಬಿಸಿಯೂಟ ಮುಗಿಸಿ ಬಂದು ನೋಡಿದರೆ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗ, ರ, ಗ, ಸ. ಪಕ್ಕದಲ್ಲಿ ಇವನು. 'ಓದು' ಅಂದೆ. ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ. ಅಕ್ಷರ ಬರುತ್ತಿತ್ತು. ಆ ಸಾಮಾನಿಗೆ ಕನ್ನಡದಲ್ಲಿ ಏನಂತಾರೆ ಅನ್ನುವುದು ಗೊತ್ತಿರಲಿಲ್ಲ, ಅಷ್ಟೇ. ನಾನು ಕೇಳಿದ್ದು ಚಿತ್ರದ ಹೆಸರು, ಬರಲ್ಲ ಅಂತ ತೀರ್ಮಾನಿಸಿದ್ದು ಅಕ್ಷರ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಂಬಾಕೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಒಂದು ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಲೆ ಮೇಷ್ಟ್ರುಗಳು ಕಾಯುತ್ತಿದ್ದುದು ಸುಮಾರು ಒಂದೇ ಸೆಕೆಂಡು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿಬಿಡದ ಮಕ್ಕಳು ಕಡಿಮೆಯಾದರು. ಇನ್ನೊಂದು ವಿಷಯವೂ ಸಿಕ್ಕಿತು. ಚುರುಕು ಅಂತ ಮೇಷ್ಟ್ರು ನಂಬಿದವರಿಗೆ ಜಾಸ್ತಿ ಹೊತ್ತು, ಹಿಂದೆ ಅಂತ ನಂಬಿದವರಿಗೆ ಕಡಿಮೆ. ಉಲ್ಟಾ ಇರಬೇಕಿತ್ತು, ಅಲ್ವಾ? ಓದಿದಾಗ ನನಗೆ ಆ ಗರಗಸವೇ ಕಣ್ಣಿಗೆ ಬಂತು.

ಈಗ ಪ್ರಶ್ನೆ ಕೇಳಿ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಬೆರಳು ಮಡಚುತ್ತಾ ಮೂರು ಎಣಿಸುತ್ತೇನೆ. ಸುಮ್ನೆ ನಿಂತರೆ ಮೂರು ಸೆಕೆಂಡು ಎಷ್ಟು ಉದ್ದ ಅಂತೀರಿ! ಮೊನ್ನೆ ನನ್ನ ಬೆನ್ನ ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಇದನ್ನು ಕಂಡುಹಿಡಿದೇ ಬಿಟ್ಟಳು.

'ಸಾ, ಎರಡೇ ಮಡಚಿದ್ರಿ' ಅಂದಳು.